ಪುಟ್ಟಿಗೆ, ಅಂಗಡಿ ಮುಚ್ಚುವ ಮೊದಲು

ಮೈಸೂರು,
ಭಾನುವಾರ ಮಧ್ಯಾಹ್ನ



ನಿನ್ನೆ ರಾತ್ರಿ ಹನ್ನೊಂದೂವರೆಗೆ ನೀನು ಕಳಿಸಿದ ಮೂರು ಫೋಟೊಗಳನ್ನು ಬೆಳಿಗ್ಗೆ ಕಾಫಿ ಕುಡಿಯುತ್ತಾ ನೋಡಿದೆ. ಒಂದು, ನೀನು ಮಾರುವ ಆ ಆನ್‌ಲೈನ್ ತಾಣದವರ ಹೊಸ ದರಪಟ್ಟಿ. ಇನ್ನೊಂದು, ನೋಟ್‌ಬುಕ್ಕಿನಲ್ಲಿ ನೀನೇ ಬರೆದ ಲೆಕ್ಕ. ಮೂರನೆಯದು ಆ ಮಹಾನುಭಾವರ ರಿವ್ಯೂ: ‘ಗಿಲಕಿ ಚೆನ್ನಾಗಿದೆ, ನಾಲ್ಕು ದಿನ ತಡವಾಗಿ ಬಂತು.’ ಒಂದೇ ಸ್ಟಾರ್. ತಡ ಮಾಡಿದವನು ಕೊರಿಯರಿನವನು, ಶಿಕ್ಷೆ ಗಿಲಕಿಗೆ. ಹೊಸ ನಿಯಮದಲ್ಲಿ ಅದರ ಕೆಳಗೆ ನೀನು ಒಂದು ಸಾಲು ಉತ್ತರ ಬರೆಯುವ ಹಾಗೂ ಇಲ್ಲ ಅಂದಿದ್ದೀಯ. ಕೊನೆಗೆ ಕೇಳಿದ್ದೀಯ: ಮುಂದಿನ ಸೋಮವಾರದಿಂದ ಒಂದು ವಾರ ಮಾರಾಟಗಾರರೆಲ್ಲ ಸೇರಿ ಅಂಗಡಿ ಮುಚ್ಚುತ್ತಿದ್ದಾರೆ, ನಾನೂ ಮುಚ್ಚಲಾ ಮಾವ?

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಫೋನ್ ಹಿಡಿದರೆ ಅರ್ಧ ಉತ್ತರ ನಿಮ್ಮತ್ತೆಯೇ ಪಕ್ಕದಿಂದ ಕೊಟ್ಟುಬಿಡುತ್ತಾಳೆ. ಇದು ಸ್ವಲ್ಪ ಉದ್ದದ ಮಾತು, ಅದಕ್ಕೇ ಕಾಗದ.

ಮೊದಲು ನಿನ್ನ ಲೆಕ್ಕ. 349 ರೂಪಾಯಿಯ ಗಿಲಕಿ. ಅದರಲ್ಲಿ ಕಮಿಷನ್, ಫಿಕ್ಸೆಡ್ ಫೀ, ಸಾಗಣೆ, ಈ ಮೂರರ ಮೇಲೆ ಶೇ. 18 ಜಿಎಸ್‌ಟಿ, ಎಲ್ಲ ಮುರಿದುಕೊಂಡು ನಿನ್ನ ಖಾತೆಗೆ 214 ಬರುತ್ತಿತ್ತು. ಇನ್ನು ಮೇಲೆ 196. ಮರ, ಅರಗು, ಕೂಲಿ, ಡಬ್ಬ ಸೇರಿ ನಿನಗೆ ಬೀಳುವ ಖರ್ಚು 170. ಅಂದರೆ ಕೈಯಲ್ಲಿ ಉಳಿಯುತ್ತಿದ್ದ 44 ರೂಪಾಯಿ 26ಕ್ಕೆ ಇಳಿಯಿತು. ದರಪಟ್ಟಿ ಮಾಡಿದವನಿಗೆ ಅದು ಬೆಲೆಯ ಮೇಲಿನ ಐದು ಪರ್ಸೆಂಟು, ನಿನಗೆ ಲಾಭದ ಐದು ಪಾಲಿನಲ್ಲಿ ಎರಡು ಪಾಲು. ಒಂದೇ ಹದಿನೆಂಟು ರೂಪಾಯಿ, ಆ ಕಡೆಯಿಂದ ನೋಡಿದರೆ ಚಿಲ್ಲರೆ. ಅದನ್ನು ನೀನು ಕೆಂಪು ಪೆನ್ನಿನಲ್ಲಿ ಎರಡು ಸಲ ಸುತ್ತು ಹಾಕಿದ್ದೀಯ. ನನಗೆ ಅರ್ಥವಾಯಿತು.

ನಿಮ್ಮಪ್ಪನಿಗೆ, ನಮ್ಮ ಭಾವನಿಗೆ, ಇದು ಎರಡನೇ ಪೆಟ್ಟು ಅಲ್ಲವೇನೇ? 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಗಿ, ಬೈಪಾಸು ರಾಮನಗರ, ಚನ್ನಪಟ್ಟಣ ಎರಡನ್ನೂ ಪಕ್ಕಕ್ಕೆ ಬಿಟ್ಟು ಹೋಯಿತಲ್ಲ, ಆಗ ನಾನು ಚನ್ನಪಟ್ಟಣದ ನಿಮ್ಮ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಕೂತಿದ್ದೆ. ಹಿಂದೆಲ್ಲ ಕಾರಿನೊಳಗಿನ ಮಗು ಬಣ್ಣದ ಕುದುರೆ ನೋಡಿ ಹಟ ಹಿಡಿದರೆ ಸಾಕಿತ್ತು, ಅಪ್ಪ ಬ್ರೇಕ್ ಒತ್ತಿದರೆ ಭಾವನಿಗೆ ಬೋಣಿ. ಅವತ್ತು ಮೂರು ಗಂಟೆಯಲ್ಲಿ ನಿಂತದ್ದು ಒಂದೇ ಕಾರು, ಅದೂ ಟಾಯ್ಲೆಟ್ ಎಲ್ಲಿದೆ ಅಂತ ಕೇಳಲು. ಭಾವ ಯಾರನ್ನೂ ಬೈಯಲಿಲ್ಲ. ‘ರಸ್ತೆ ಯಾವತ್ತು ನಮ್ಮದಾಗಿತ್ತು?’ ಅಂದರು, ಅಷ್ಟೇ. ನೀನು ಲ್ಯಾಪ್‌ಟಾಪ್ ತೆರೆದದ್ದು ಅದಾದ ಮೇಲೆ. ಈಗ ಆ ರಸ್ತೆಯಲ್ಲೂ ಟೋಲ್ ಏರಿದೆ.

ಅಂಗಡಿ ಮುಚ್ಚುವ ವಿಷಯಕ್ಕೆ ಬರುತ್ತೇನೆ. ಇಂಥದ್ದೊಂದನ್ನು ನಾನು ಹತ್ತಿರದಿಂದ ನೋಡಿದ್ದೇನೆ. 2008ರಲ್ಲಿ ನಾವು ಸ್ಯಾನ್ ಹೋಸೆಯಲ್ಲಿದ್ದೆವು. ನನ್ನ ಕೆಲಸ ಬೇರೆ ಕಡೆ, ಆದರೆ ಈಬೇ ಅನ್ನುವ ಆನ್‌ಲೈನ್ ಮಾರಾಟ ತಾಣದ ಕಚೇರಿ ಅದೇ ಊರಿನಲ್ಲಿ, ಹ್ಯಾಮಿಲ್ಟನ್ ಅವೆನ್ಯೂ ಮೇಲೆ. ನಾನು ಆ ತಾಣದಲ್ಲಿ ಹಳೇ ಫೌಂಟನ್ ಪೆನ್ನು ಕೊಳ್ಳುವ ಗಿರಾಕಿ. ನಿನ್ನ ಎಸ್ಸೆಸ್ಸೆಲ್ಸಿಗೆ ಕೊಟ್ಟ ಪೆನ್ನೂ ಹಾಗೆ ಬಂದದ್ದೇ. ಆ ವರ್ಷದ ಜನವರಿ ಕೊನೆಯಲ್ಲಿ ಅವರು ಒಂದೇ ಏಟಿಗೆ ಎರಡು ಬದಲಾವಣೆ ಸಾರಿದರು. ಮೆಗ್ ವಿಟ್‌ಮನ್ ಹತ್ತು ವರ್ಷ ಕೂತಿದ್ದ ಸಿಇಒ ಕುರ್ಚಿಗೆ ಜಾನ್ ಡೊನಾಹೊ ಬರುತ್ತಾರೆ ಅಂತ ಗೊತ್ತಾಗಿದ್ದ ಸಮಯ ಅದು. ಮೊದಲನೆಯದಾಗಿ, ಸಾಮಾನನ್ನು ಪಟ್ಟಿಗೆ ಹಾಕುವ ಶುಲ್ಕ ಇಳಿಸಿ, ಮಾರಾಟವಾದ ಮೇಲೆ ಮುರಿದುಕೊಳ್ಳುವ ಪಾಲನ್ನು ಏರಿಸಿದರು. 25 ಡಾಲರಿನವರೆಗಿನ ಬೆಲೆಗೆ ಶೇ. 5.25 ಇದ್ದದ್ದು ಶೇ. 8.75 ಆಯಿತು. 20 ಡಾಲರಿಗೆ ಮಾರಿದವರು 1.05 ಡಾಲರ್ ಕಟ್ಟುತ್ತಿದ್ದ ಕಡೆ 1.75 ಕಟ್ಟಬೇಕು. ಇಳಿಸಿದ್ದನ್ನು ಮುಂದೆ ಹಿಡಿದು ಏರಿಸಿದ್ದನ್ನು ಬೆನ್ನ ಹಿಂದೆ ಇಟ್ಟುಕೊಳ್ಳುವ ಕಲೆ ಆಗಲೂ ಇತ್ತು ಅನ್ನು.

ದುಡ್ಡಿಗಿಂತ ಹೆಚ್ಚು ಉರಿ ಎಬ್ಬಿಸಿದ್ದು ಎರಡನೆಯದು. ಅಲ್ಲಿಯವರೆಗೆ ಕೊಂಡವರು ಮಾರಿದವರಿಗೆ, ಮಾರಿದವರು ಕೊಂಡವರಿಗೆ, ಇಬ್ಬರೂ ಒಬ್ಬರಿಗೊಬ್ಬರು ಅಂಕ ಕೊಡುತ್ತಿದ್ದರು. ಈ ಪದ್ಧತಿ ಶುರುವಾದ ಬಗೆ ಚೆನ್ನಾಗಿದೆ. ಪಿಯೆರ್ ಒಮಿದ್ಯಾರ್ 1995ರಲ್ಲಿ ಮನೆಯಿಂದಲೇ ಆ ತಾಣ ತೆರೆದಾಗ ಮೊದಲು ಮಾರಿದ ಸಾಮಾನು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್. 14.83 ಡಾಲರಿಗೆ ಹೋಯಿತು, ಕೊಂಡವನಿಗೆ ಕೆಟ್ಟದ್ದೇ ಬೇಕಿತ್ತು. ಆಮೇಲೆ ಜನ ಜಗಳವನ್ನೆಲ್ಲ ಅವನ ಬಾಗಿಲಿಗೆ ತಂದರು. ನನಗೆ ಬರೆಯಬೇಡಿ, ಹೊಗಳುವುದೋ ದೂರುವುದೋ ಎಲ್ಲರೆದುರು ನೀವು ನೀವೇ ಮಾಡಿಕೊಳ್ಳಿ ಅಂತ ಅವನು 1996ರಲ್ಲಿ ಒಂದು ಜಗಲಿ ಕಟ್ಟಿಕೊಟ್ಟ. ಹನ್ನೆರಡು ವರ್ಷ ಕಳೆದ ಮೇಲೆ, 2008ರ ಮೇ ತಿಂಗಳಿಂದ, ಆ ಜಗಲಿಯಲ್ಲಿ ಮಾರುವವರು ಒಳ್ಳೆಯ ಮಾತು ಬಿಟ್ಟು ಬೇರೇನೂ ಆಡಬಾರದು ಅಂತಾಯಿತು. ದುಡ್ಡು ಕೊಡದೆ ಸತಾಯಿಸಿದ ಗಿರಾಕಿಗೂ ಹಸಿರು ಪ್ಲಸ್ ಗುರುತೇ ಗತಿ. ಕೆಲವರು ಪ್ಲಸ್ ಹಾಕಿ ಅದರೊಳಗೆ ಬೈಗುಳ ತುಂಬಿದರು. ಅದನ್ನೂ ನಿಯಮ ಮಾಡಿ ನಿಲ್ಲಿಸಿದರು.

ಇಲ್ಲಿ ನಾನು ನಿನ್ನ ಪಕ್ಷ ಬಿಟ್ಟು ಒಂದು ಮಾತು ಹೇಳಬೇಕು. ಕೋಪಿಸಿಕೊಳ್ಳಬೇಡ. ಒಮ್ಮೆ ನನಗೆ ಬಂದ ಪೆನ್ನಿನ ಮುಚ್ಚಳ ಸೀಳಿತ್ತು, ಚಿತ್ರದಲ್ಲಿ ಸೀಳು ಕಾಣುತ್ತಿರಲಿಲ್ಲ. ಯಾರೋ ಮಾರಾಟಗಾರ, ಮುಖ ನೋಡಿದವನಲ್ಲ. ನಾನೇನು ಮಾಡಿದೆ ಗೊತ್ತಾ? ‘ತುಂಬಾ ಚೆನ್ನಾಗಿದೆ, ಧನ್ಯವಾದ’ ಅಂತ ಬರೆದೆ. ಯಾಕೆಂದರೆ ಬಹಳ ಜನ ಮಾರುವವರು ನಮ್ಮ ಅಂಕ ಬೀಳುವವರೆಗೆ ತಮ್ಮದನ್ನು ಹಿಡಿದಿಟ್ಟುಕೊಳ್ಳುತ್ತಿದ್ದರು. ನೀನು ನನಗೆ ಮೈನಸ್ ಕೊಟ್ಟರೆ ನಾನೂ ನಿನಗೆ ಕೊಡುತ್ತೇನೆ ಅನ್ನುವ ಬಾಯಿಬಿಡದ ಬೆದರಿಕೆ ಅದು. ನನ್ನ ಹೆಸರಿನ ಮುಂದೆ ನೂರಕ್ಕೆ ನೂರು ಇತ್ತು, ಅದನ್ನು ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ. ಕೊಳ್ಳುವವರು ಸೇಡಿಗೆ ಹೆದರಿ ಸುಳ್ಳು ಹೊಗಳುತ್ತಿದ್ದಾರೆ ಅಂತ ಕಂಪನಿ ಕಾರಣ ಕೊಟ್ಟಾಗ, ಹೌದಲ್ಲ, ಆ ಸುಳ್ಳರಲ್ಲಿ ನಾನೂ ಒಬ್ಬ ಅನ್ನಿಸಿತು. ರೋಗ ನಿಜವಾಗಿತ್ತು. ಔಷಧ ಮಾತ್ರ, ನೆಗಡಿಗೆ ಮೂಗು ಕೊಯ್ದ ಹಾಗೆ. ಸೇಡು ತಡೆಯಬೇಕಾದರೆ ಇಬ್ಬರ ಮಾತನ್ನೂ ಮುಚ್ಚಿಟ್ಟು ಒಟ್ಟಿಗೆ ತೆರೆದು ತೋರಿಸಬಹುದಿತ್ತು. ಒಬ್ಬರ ಬಾಯಿಗೆ ಬಟ್ಟೆ ತುರುಕುವುದು ಸುಲಭವಾಗಿ ಕಂಡಿತು.

ಮಾರಾಟಗಾರರು ಫೆಬ್ರವರಿ 18ರಿಂದ ಒಂದು ವಾರ ಬಹಿಷ್ಕಾರ ಹೂಡಿದರು. ಏನನ್ನೂ ಮಾರುವುದಿಲ್ಲ, ಕೊಳ್ಳುವುದೂ ಇಲ್ಲ. ಪಟ್ಟಿಯಲ್ಲಿದ್ದ ಸಾಮಾನು ಇಳಿದಿದೆ ಅಂತ ಇವರು, ನಮಗೇನೂ ತಟ್ಟಿಲ್ಲ ಅಂತ ಕಂಪನಿ. ದರ ಹಿಂದೆ ಹೋಗಲಿಲ್ಲ, ಅಂಕದ ನಿಯಮವೂ ಹೋಗಲಿಲ್ಲ. ಅದಾಗಿ ಹದಿನಾಲ್ಕು ವರ್ಷಕ್ಕೆ ಎಟ್ಸಿಯಲ್ಲೂ ಇದೇ ಕಥೆ. ಅದು ನಿನ್ನಂಥ ಕೈಕೆಲಸದವರ ತಾಣ. ಮಾರಾಟದ ಶುಲ್ಕವನ್ನು ಶೇ. 5ರಿಂದ ಶೇ. 6.5ಕ್ಕೆ ಏರಿಸಿದ 2022ರ ಏಪ್ರಿಲ್ 11ರಂದೇ ಮಾರಾಟಗಾರರು ಒಂದು ವಾರ ಅಂಗಡಿಗಳನ್ನು ‘ರಜೆ’ಗೆ ಹಾಕಿದರು. ಶುಲ್ಕ ಇಳಿಯಲಿಲ್ಲ.

ಹಾಗಾದರೆ ಈ ತಾಣದವರು ಯಾರ ಮಾತಿಗೂ ಬಗ್ಗುವುದಿಲ್ಲವೇ? ಬಗ್ಗುತ್ತಾರೆ, ನಮ್ಮ ಮಾತಿಗಲ್ಲ. ಅದೇ 2008ರಲ್ಲಿ ಆಸ್ಟ್ರೇಲಿಯಾದಲ್ಲಿ ಈಬೇ ಇನ್ನೊಂದು ನಿಯಮ ತರಲು ಹೊರಟಿತ್ತು: ದುಡ್ಡು ಪೇಪಾಲ್ ಮೂಲಕವೇ ಪಡೆಯಬೇಕು, ಇಲ್ಲವೇ ಸಾಮಾನು ಒಯ್ಯಲು ಬಂದವರು ಕೈಯಲ್ಲೇ ಕೊಡಬೇಕು. ಪೇಪಾಲ್ ಆಗ ಅವರದೇ ಕಂಪನಿ. ಮಾರಾಟಗಾರರು ಅಲ್ಲೂ ಕೂಗಾಡಿದರು, ಆದರೆ ಕೂಗಿದ್ದು ಕಂಪನಿಯ ಕಡೆಗಷ್ಟೇ ಅಲ್ಲ, ಸ್ಪರ್ಧೆ ಮತ್ತು ಗ್ರಾಹಕರ ವಿಷಯ ನೋಡುವ ಅಲ್ಲಿನ ಸರ್ಕಾರಿ ಆಯೋಗಕ್ಕೆ ಕಾಗದ ಬರೆದರು. ಇದು ಸರಿ ಕಾಣುತ್ತಿಲ್ಲ ಅಂತ ಆಯೋಗ ಜೂನ್‌ನಲ್ಲಿ ಹೇಳಿತು, ಜುಲೈನಲ್ಲಿ ಕಂಪನಿ ನಿಯಮವನ್ನು ವಾಪಸ್ ತೆಗೆದುಕೊಂಡಿತು. ನೋಡು, ಅಂಗಡಿ ಬಾಗಿಲು ಹಾಕಿದವರಿಗೆ ಸಿಗದದ್ದು ಅರ್ಜಿ ಹಾಕಿದವರಿಗೆ ಸಿಕ್ಕಿತು.

ನಮ್ಮಲ್ಲೂ ದಾರಿ ಇಲ್ಲದಿಲ್ಲ, ನಿಧಾನ ಅಷ್ಟೇ. ಅಮೆಜಾನ್, ಫ್ಲಿಪ್‌ಕಾರ್ಟ್ ಕೆಲವೇ ಮಾರಾಟಗಾರರನ್ನು ಮುಂದೆ ತಳ್ಳುತ್ತಿವೆ ಅಂತ ದೆಹಲಿಯ ವ್ಯಾಪಾರಿಗಳು ಕೊಟ್ಟ ದೂರಿನ ಮೇಲೆ ಸ್ಪರ್ಧಾ ಆಯೋಗ 2020ರ ಜನವರಿಯಲ್ಲಿ ತನಿಖೆಗೆ ಆದೇಶಿಸಿತು. ಅದನ್ನು ತಡೆಯಿರಿ ಅಂತ ಕಂಪನಿಗಳು ಬಂದದ್ದು ನಮ್ಮ ಕರ್ನಾಟಕ ಹೈಕೋರ್ಟಿಗೇ. 2021ರಲ್ಲಿ ಅವರ ಅರ್ಜಿ ವಜಾ ಆಯಿತು. ಒಂದೇ ಬಗೆಯ ಮಾಲು ಮಾರುವವರ ನಡುವೆ ತಾಣ ಭೇದ ಮಾಡುವುದಿದ್ದರೆ ಅದನ್ನು ಷರತ್ತುಗಳಲ್ಲಿ ಬರೆದಿಡಬೇಕು ಅಂತ 2020ರ ಇ-ವಾಣಿಜ್ಯ ನಿಯಮಗಳಲ್ಲಿದೆ. ಯುರೋಪಿನಲ್ಲಿ ಷರತ್ತು ಬದಲಿಸುವ ಮೊದಲು ಮಾರಾಟಗಾರರಿಗೆ ಕಡೇಪಕ್ಷ 15 ದಿನದ ನೋಟಿಸ್ ಕೊಡಬೇಕು. ನಿನಗೆ ಕೊಟ್ಟದ್ದು ಎಷ್ಟು ದಿನ? ಫೋಟೊದಲ್ಲಿ ತಾರೀಕು ಕತ್ತರಿಸಿಹೋಗಿದೆ.

ಇನ್ನು ದರ ಇಳಿಯುವುದು ಯಾವಾಗ ಅಂದರೆ, ಎದುರು ಅಂಗಡಿ ತೆರೆದಾಗ. ಬೆಂಗಳೂರಿನ ಮೀಶೋ 2021ರಲ್ಲಿ ಕಮಿಷನ್ನೇ ಬೇಡ ಅಂದಿತು. 2025ರ ಏಪ್ರಿಲ್‌ನಲ್ಲಿ ಅಮೆಜಾನ್ ಕೂಡ 300 ರೂಪಾಯಿಗಿಂತ ಕಡಿಮೆಯ ಬಹಳಷ್ಟು ಸಾಮಾನಿಗೆ ರೆಫರಲ್ ಫೀ, ಅಂದರೆ ಕಮಿಷನ್, ಬಿಟ್ಟಿತು. ಯಾವ ಮುಷ್ಕರವೂ ನಡೆಯದೆ! ಹಾಗಂತ ಸೊನ್ನೆ ಕಮಿಷನ್ ನೋಡಿ ನಾಳೆಯೇ ಓಡಬೇಡ, ಸಾಗಣೆ ಮತ್ತು ಜಾಹೀರಾತಿನ ಸಾಲುಗಳನ್ನೂ ಓದು. ತಾಣದವರೂ ಹೊಟ್ಟೆಪಾಡಿಗೇ ಕೂತಿದ್ದಾರೆ, ಒಂದು ಕಡೆ ಬಿಟ್ಟದ್ದನ್ನು ಇನ್ನೊಂದು ಕಡೆ ತೆಗೆಯುತ್ತಾರೆ.

ಆದ್ದರಿಂದ ನನ್ನ ಮಾತು ಇದು. ಮುಚ್ಚು. ನಿನ್ನ ಜೊತೆಯವರೆಲ್ಲ ಮುಚ್ಚುವಾಗ ನೀನೊಬ್ಬಳೇ ತೆರೆದಿಟ್ಟು ನಾಲ್ಕು ಗಿಲಕಿ ಹೆಚ್ಚಿಗೆ ಮಾರುವುದು ಬೇಡ, ಆಮೇಲೆ ಅವರ ಮುಖ ನೋಡಬೇಕಲ್ಲ. ಆದರೆ ಅದರಿಂದ ದರ ಇಳಿಯುತ್ತದೆ ಅಂತ ಭಾವನಿಗೆ ಆಸೆ ಹುಟ್ಟಿಸಬೇಡ. ಆ ಏಳು ದಿನ ಮೊಬೈಲ್ ನೋಡುತ್ತಾ ಕೂರದೆ ಕೆಲಸಕ್ಕೆ ಹಚ್ಚು. ದರ ಬದಲಾವಣೆ ತಿಳಿಸಿದ ಪ್ರತಿ ಇ-ಮೇಲನ್ನೂ ತಾರೀಕಿನ ಸಮೇತ ತೆಗೆದಿಡು. ನೀವು ಹತ್ತು ಹನ್ನೆರಡು ಜನ ನಿಮ್ಮ ನಿಮ್ಮ ಲೆಕ್ಕವನ್ನು, ಇದೇ ನೋಟ್‌ಬುಕ್ಕಿನ ಲೆಕ್ಕವನ್ನು, ಒಂದೇ ಅರ್ಜಿಯಲ್ಲಿ ಬರೆಯಿರಿ. ‘ಅನ್ಯಾಯ’ ಅನ್ನುವ ಪದ ಒಂದು ಸಲ ಸಾಕು, 44 ಮತ್ತು 26 ಅನ್ನುವ ಅಂಕಿ ಪ್ರತಿ ಪುಟದಲ್ಲಿರಲಿ. ಕರಡು ನನಗೆ ಕಳಿಸು, ಇಂಗ್ಲಿಷ್ ನಾನು ತಿದ್ದುತ್ತೇನೆ.

ಡಬ್ಬದೊಳಗೆ ಫೋನ್ ನಂಬರಿನ ಚೀಟಿ ಇಡುತ್ತೇನೆ ಅಂತ ನೀನು ಅಂದಿದ್ದೆ. ಬೇಡ, ಬಹಳ ತಾಣಗಳು ಅದನ್ನೇ ನೆಪ ಮಾಡಿ ಖಾತೆ ಮುಚ್ಚುತ್ತವೆ. ಬದಲಿಗೆ ಗಿಲಕಿಯ ತಳಕ್ಕೆ ಅಂಗಡಿಯ ಹೆಸರು, ‘ಚನ್ನಪಟ್ಟಣ’ ಅನ್ನುವ ಊರ ಹೆಸರು ಎರಡನ್ನೂ ಸಣ್ಣಗೆ ಸುಟ್ಟು ಬರೆಸು. ನಿಮ್ಮ ಆಟಿಕೆಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಇದೆ, ಊರ ಹೆಸರು ನಿಮ್ಮ ಸ್ವತ್ತು. ಹುಡುಕುವವರು ಹುಡುಕಿಕೊಂಡು ಬರುತ್ತಾರೆ. ಆ ಒಂದು ಸ್ಟಾರಿನವರ ವಿಷಯ ಬಿಟ್ಟುಬಿಡು. ಗಿಲಕಿ ಚೆನ್ನಾಗಿದೆ ಅಂತ ಅವರೇ ಬರೆದಿದ್ದಾರೆ, ಓದಲು ಬರುವವರು ಓದಿಕೊಳ್ಳುತ್ತಾರೆ.

ಅಕ್ಕನಿಗೆ ಮಂಡಿ ನೋವು ಹೇಗಿದೆ? ಎಣ್ಣೆ ಹಚ್ಚುತ್ತಿದ್ದಾಳೋ, ಬಾಟಲಿ ಕಪಾಟಿನಲ್ಲೇ ಇದೆಯೋ?

ಇನ್ನೊಂದು. ನಮ್ಮ ಮೊಮ್ಮಗಳ ನಾಮಕರಣ ಮುಂದಿನ ತಿಂಗಳು. ಬಂದವರ ಮಕ್ಕಳಿಗೆ ಕೊಡಲು ಇಪ್ಪತ್ತೈದು ಗಿಲಕಿ, ಹತ್ತು ಬುಗುರಿ ಬೇಕು. ಹೇಗೂ ಅಂಗಡಿ ಮುಚ್ಚುವ ವಾರ ಲೇತ್ ಖಾಲಿ ಇರುತ್ತದೆ, ಆಗಲೇ ಮಾಡಿಸು. ಬಸ್ಸಿನಲ್ಲಿ ಹಾಕಿದರೆ ಸ್ಟ್ಯಾಂಡಿಗೆ ನಾನೇ ಬಂದು ಇಳಿಸಿಕೊಳ್ಳುತ್ತೇನೆ. ಗಿಲಕಿಗೆ 349ರ ಲೆಕ್ಕದಲ್ಲೇ ದುಡ್ಡು ಕಳಿಸುತ್ತೇನೆ, ಮಾವ ಅಂತ ಒಂದು ರೂಪಾಯಿಯೂ ಬಿಡಬೇಡ.

ಇಂತು,
ನಿನ್ನ ಮಾವ