ಒಂದೇ ಹೆಸರು, ಎರಡು ಅಳತೆ

ಬಾಲಮಿತ್ರರೇ, ಲೆಕ್ಕದ ಉತ್ತರದ ಮುಂದೆ ಏಕಮಾನ ಬರೆಯದವರ ಅರ್ಧ ಅಂಕವನ್ನು ನಾನು ನಿರ್ದಾಕ್ಷಿಣ್ಯವಾಗಿ ಕಳೆಯುತ್ತೇನೆಂಬ ದೂರು ನಿಮ್ಮಲ್ಲಿ ಬಹುಕಾಲದಿಂದ ಇದೆ. "ಐದು ಎಂದರೆ ಏನಯ್ಯಾ? ಐದು ಮಾವಿನಹಣ್ಣೋ, ಐದು ಮೈಲಿಯೋ?" ಎಂಬ ನನ್ನ ಮಾತನ್ನು ನಿಮ್ಮಲ್ಲಿ ಕೆಲವರು ಬೆನ್ನ ಹಿಂದೆ ಅಣಕಿಸುವುದೂ ನನಗೆ ತಿಳಿಯದ ಸಂಗತಿಯಲ್ಲ. ಅಂತಹ ನಾನೇ ಈ ವರ್ಷ ಏಕಮಾನವನ್ನು ವಿಚಾರಿಸದೆ ಒಬ್ಬ ಸಜ್ಜನರ ಮೇಲೆ ಮೋಸದ ಆರೋಪ ಹೊರಿಸಿ ಬಂದೆ. ಆ ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುವುದು ನ್ಯಾಯವೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ವಾರ್ಷಿಕೋತ್ಸವದ ನಾಟಕ, ಕೋಲಾಟ, ಭಾಷಣಗಳ ವೀಡಿಯೊಗಳೆಲ್ಲ ಶಾಲೆಯ ಗಣಕಯಂತ್ರದಲ್ಲಿದ್ದವು. ಯಂತ್ರವನ್ನು ದುರಸ್ತಿಗೆ ಕಳುಹಿಸುವ ಮೊದಲು ಅವನ್ನು ಬೇರೊಂದೆಡೆ ಕಾಪಾಡಬೇಕಾಗಿತ್ತು. ಒಟ್ಟು ಗಾತ್ರ 61 ಜಿಬಿ ಎಂದು ಯಂತ್ರ ತೋರಿಸಿತು. ಸ್ಟೇಷನ್ನಿನ ಹತ್ತಿರದ ಅಂಗಡಿಯೊಂದರಿಂದ 64 ಜಿಬಿಯ ಪೆನ್‌ಡ್ರೈವ್ ತಂದೆ. ಮೂರು ಜಿಬಿ ಮಿಗುವುದೆಂದು ನನ್ನ ಲೆಕ್ಕ. ಆದರೆ ಅದನ್ನು ಯಂತ್ರಕ್ಕೆ ಸಿಕ್ಕಿಸಿದಾಗ ಅದರ ಗಾತ್ರ 59 ಜಿಬಿ ಚಿಲ್ಲರೆ ಎಂದು ಕಂಡಿತು. ಸ್ಥಳ ಸಾಲದೆಂದು ಯಂತ್ರ ಕೈಚೆಲ್ಲಿತು.

ನನಗೆ ಸಿಟ್ಟು ನೆತ್ತಿಗೇರಿತು. ಸಹಾಯಕ್ಕೆಂದು ನಿಂತಿದ್ದ ಒಂಬತ್ತನೆಯ ತರಗತಿಯ ಇಬ್ಬರು ಮಕ್ಕಳನ್ನು ಕರೆದುಕೊಂಡು ಅಂಗಡಿಗೆ ಹೋದೆ. ಗಲ್ಲೆಯ ಮೇಲೆ ಕುಳಿತಿದ್ದ ವೃದ್ಧರನ್ನು ಗಿರಾಕಿಗಳ ಎದುರಿಗೇ "ತೂಕದಲ್ಲಿ ಕಳ್ಳತನ ಮಾಡುವುದನ್ನು ಕೇಳಿದ್ದೆ, ಇದರಲ್ಲೂ ಮಾಡುತ್ತೀರಾ?" ಎಂದು ಕೇಳಿಬಿಟ್ಟೆ. ಅವರು ಎದುರುತ್ತರ ಕೊಡಲಿಲ್ಲ. "ಬೇಡವಾದರೆ ಹಣ ತೆಗೆದುಕೊಳ್ಳಿ, ಮಾಸ್ತರರೇ" ಎಂದಷ್ಟೇ ಹೇಳಿದರು. ನಾನು ಹಣವನ್ನೂ ತೆಗೆದುಕೊಳ್ಳದೆ, ಗೆದ್ದವನಂತೆ ಹಿಂದಿರುಗಿದೆ.

ಮರುದಿನ ಆ ಮಕ್ಕಳಲ್ಲೊಬ್ಬಳು ಪೆನ್‌ಡ್ರೈವಿನ ಖಾಲಿ ಹೊದಿಕೆಯನ್ನು ಹಿಡಿದುಕೊಂಡು ಬಂದಳು. "ಸರ್, ಇದರ ಹಿಂದೆ ಸಣ್ಣಕ್ಷರದಲ್ಲಿ ಒಂದು ಜಿಬಿ ಎಂದರೆ 100 ಕೋಟಿ ಬೈಟ್ ಎಂದು ಬರೆದಿದೆ. ನಮ್ಮ ಯಂತ್ರದ ಜಿಬಿ ಎಷ್ಟು?" ಎಂದು ಕೇಳಿದಳು. ಆ ಪ್ರಶ್ನೆಯನ್ನು ನಾನು ಹಿಂದಿನ ದಿನವೇ ಕೇಳಿಕೊಳ್ಳಬೇಕಾಗಿತ್ತು.

ಗಣಕಯಂತ್ರಕ್ಕೆ ತಿಳಿದಿರುವ ಅಂಕೆಗಳು ಸೊನ್ನೆ ಮತ್ತು ಒಂದು, ಇವೆರಡೇ. ಅಂತಹ ಒಂದು ಅಂಕೆಗೆ ಬಿಟ್ ಎಂದೂ ಎಂಟು ಬಿಟ್‌ಗಳ ಕಟ್ಟಿಗೆ ಬೈಟ್ ಎಂದೂ ಹೆಸರು. ಎರಡರಿಂದಲೇ ಎಣಿಸುವ ಯಂತ್ರಕ್ಕೆ ನೂರು, ಸಾವಿರಗಳು ಸಹಜವಾದ ನಿಲ್ದಾಣಗಳಲ್ಲ. ಹತ್ತು ಎರಡುಗಳನ್ನು ಒಂದರಿಂದೊಂದು ಗುಣಿಸಿದರೆ 1024 ಬರುತ್ತದೆ. ಅದು ಸಾವಿರಕ್ಕೆ ಸಮೀಪವಾಗಿರುವುದರಿಂದ ಗಣಕ ತಜ್ಞರು ಅದನ್ನೇ ಕಿಲೋ ಎಂದು ಕರೆಯತೊಡಗಿದರು. ಕಿಲೋಗ್ರಾಂ, ಕಿಲೋಮೀಟರುಗಳಲ್ಲಿ ಕಿಲೋ ಎಂದರೆ ಸರಿಯಾಗಿ ಸಾವಿರ. ಪೆನ್‌ಡ್ರೈವಿನ ಹೊದಿಕೆ ಈ ಸಾವಿರದ ಲೆಕ್ಕವನ್ನು ಹಿಡಿದಿತ್ತು. ನಮ್ಮ ಯಂತ್ರ 1024ರ ಲೆಕ್ಕವನ್ನು ಹಿಡಿದಿತ್ತು. ಇಬ್ಬರೂ ಬರೆದದ್ದು ಜಿಬಿ ಎಂಬ ಒಂದೇ ಹೆಸರನ್ನು!

ಕರಿಹಲಗೆಯ ಮೇಲೆ ಲೆಕ್ಕ ಮಾಡಿದೆವು. 64 ಜಿಬಿ ಎಂದರೆ 6,400 ಕೋಟಿ ಬೈಟ್. 1024ರಿಂದ ಒಮ್ಮೆ ಭಾಗಿಸಿದರೆ 6,25,00,000. ಎರಡನೆಯ ಸಲ ಭಾಗಿಸಿದರೆ 61,035 ಚಿಲ್ಲರೆ. ಮೂರನೆಯ ಸಲಕ್ಕೆ 59.6. ಪೆನ್‌ಡ್ರೈವಿನಲ್ಲಿ ಒಂದು ಬೈಟೂ ಕಳುವಾಗಿರಲಿಲ್ಲ. ನಮ್ಮ ವೀಡಿಯೊಗಳ 61 ಜಿಬಿಯೇ 6,549 ಕೋಟಿ ಬೈಟ್‌ಗಳಿಗೆ ಮಿಕ್ಕಿತ್ತು. ಕಿಲೋಬೈಟಿನಲ್ಲಿ ಸಾವಿರಕ್ಕೆ 24ರಷ್ಟೇ ಇರುವ ಈ ಅಂತರ, ಗಿಗಾಬೈಟಿಗೆ ಬರುವಾಗ ನೂರಕ್ಕೆ ಏಳನ್ನು ಮೀರುತ್ತದೆ. ಟೆರಾಬೈಟಿನಲ್ಲಿ ನೂರಕ್ಕೆ ಹತ್ತನ್ನು ಮುಟ್ಟುವಂತಾಗುತ್ತದೆ.

ಅಂದು ಸಂಜೆಯೇ ಆ ಇಬ್ಬರು ಮಕ್ಕಳೊಡನೆ ಮತ್ತೆ ಅಂಗಡಿಗೆ ಹೋದೆ. ಆರೋಪವನ್ನು ಯಾರೆದುರಿಗೆ ಮಾಡಿದ್ದೆನೋ ಅವರೆದುರಿಗೇ ಕ್ಷಮೆ ಬೇಡುವುದು ಧರ್ಮವಲ್ಲವೆ? ವೃದ್ಧರು ನಕ್ಕರು. "ಮಾಸ್ತರರೇ, ನಾನು ಬಾಲಕನಾಗಿದ್ದಾಗ ನಮ್ಮ ತಂದೆಯವರ ಕಿರಾಣಿ ಅಂಗಡಿಯಲ್ಲಿ ಇದೇ ಜಗಳ ದಿನವೂ ನಡೆಯುತ್ತಿತ್ತು" ಎಂದು ಹೇಳತೊಡಗಿದರು.

ಹಿಂದೆ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ; ಒಟ್ಟು 64 ಪೈಸೆ. ಅದೂ ಎರಡೆರಡರ ಲೆಕ್ಕವೇ! 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ಪೈಸೆಯಾಯಿತು. ನಾಲ್ಕಾಣೆಗೆ ಸರಿಯಾಗಿ 25; ಆದರೆ ಒಂದಾಣೆಗೆ ಆರೂಕಾಲು. ಕಾಲು ಪೈಸೆಯನ್ನು ಎಲ್ಲಿಂದ ತರುವುದು? ಆಣೆಗೆ ಆರರಂತೆ ಹದಿನಾರು ಸಲ ಕೊಟ್ಟರೆ 96 ಆಗುವುದೇ ಹೊರತು ನೂರಾಗದು. "ಗಿರಾಕಿ ನಮ್ಮನ್ನು ಕಳ್ಳರೆನ್ನುತ್ತಿದ್ದ, ನಾವು ಗಿರಾಕಿಯನ್ನು ದಡ್ಡನೆನ್ನುತ್ತಿದ್ದೆವು. ಹಳೆಯ ಪೈಸೆ ಬೇರೆ, ಹೊಸದು ಬೇರೆ ಎಂದು ತಿಳಿಯಲೆಂದೇ ಸರ್ಕಾರ ಹೊಸದನ್ನು ನಯಾ ಪೈಸಾ ಎಂದು ಕರೆಯಿತು" ಎಂದರು. ಜನಕ್ಕೆ ರೂಢಿಯಾದ ಮೇಲೆ, 1964ರಲ್ಲಿ, ಆ 'ನಯಾ' ಎಂಬ ವಿಶೇಷಣವನ್ನು ತೆಗೆದುಹಾಕಲಾಯಿತು.

ಗಣಕದ ಲೋಕದಲ್ಲಿಯೂ ಇಂತಹದೇ ಪ್ರಯತ್ನ ನಡೆದಿದೆ. 1998ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ತಂತ್ರಜ್ಞಾನ ಆಯೋಗವು 1024ರ ಲೆಕ್ಕಕ್ಕೆ ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್ ಎಂಬ ಬೇರೆ ಹೆಸರುಗಳನ್ನು ಗೊತ್ತುಪಡಿಸಿತು. ನಮ್ಮ ಯಂತ್ರ 59 ಗಿಬಿಬೈಟ್ ಎಂದು ತೋರಿಸಿದ್ದರೆ ನಾನು ಅಂಗಡಿಯ ಮೆಟ್ಟಿಲೇರುತ್ತಿರಲಿಲ್ಲ. ಆದರೆ ತಪ್ಪನ್ನೆಲ್ಲ ಯಂತ್ರದ ಮೇಲೆ ಹಾಕಲಾರೆ. ಹೊದಿಕೆಯ ಬರಹವನ್ನು ಓದುವ ಕಣ್ಣುಗಳು ನನಗೂ ಇದ್ದವು.

ವೃದ್ಧರು 64ರ ಬದಲಿಗೆ 128 ಜಿಬಿಯದನ್ನು ಕೊಟ್ಟು, ಹೆಚ್ಚಿನ ಹಣವನ್ನಷ್ಟೇ ತೆಗೆದುಕೊಂಡರು. ನಮ್ಮ ಯಂತ್ರದಲ್ಲಿ ಅದು ಎಷ್ಟೆಂದು ಕಾಣುವುದೆಂಬುದನ್ನು ಆ ಹುಡುಗಿ ದಾರಿಯಲ್ಲಿಯೇ ಲೆಕ್ಕ ಹಾಕಿ ಹೇಳಿದಳು: 119 ಚಿಲ್ಲರೆ. ನಿಮ್ಮ ನಾಟಕ, ಕೋಲಾಟಗಳೆಲ್ಲ ಅದರಲ್ಲಿ ಸುರಕ್ಷಿತವಾಗಿವೆ.

ಮಕ್ಕಳೇ, ನಿಮ್ಮ ಲೆಕ್ಕಕ್ಕೂ ಇನ್ನೊಬ್ಬರ ಲೆಕ್ಕಕ್ಕೂ ತಾಳೆಯಾಗದಿದ್ದಾಗ, ಅವರು ಯಾವ ಅಳತೆಯಿಂದ ಅಳೆದಿದ್ದಾರೆಂದು ಮೊದಲು ಕೇಳಿರಿ. ಮೋಸವೆಂಬ ಮಾತು ಆಮೇಲೆ ಬರಲಿ. ಏಕಮಾನ ಬರೆಯದವರ ಅರ್ಧ ಅಂಕವನ್ನು ನಾನು ಮುಂದೆಯೂ ಕಳೆಯುತ್ತೇನೆ. ಈ ವರ್ಷದ ಲೆಕ್ಕದಲ್ಲಿ ನನ್ನ ಅರ್ಧ ಅಂಕವನ್ನು ನೀವು ಕಳೆದುಕೊಳ್ಳಬಹುದು.