ಬೆಟ್ಟದ ತುದಿಯಲ್ಲಿ ಐದು ವಾಟ್

ರಜೆ ಬಂತೆಂದರೆ ನಮ್ಮ ಮನೆಯ ಲಗೇಜಿನಲ್ಲಿ ಒಂದು ಚೀಲ ಹೆಚ್ಚಾಗುತ್ತದೆ. ಅದರಲ್ಲಿ ಬಟ್ಟೆಯಿಲ್ಲ, ಚಕ್ಕುಲಿ ಕೋಡುಬಳೆಯೂ ಇಲ್ಲ. ಅಂಗೈಯಗಲದ ಒಂದು ರೇಡಿಯೋ, ಹೆಚ್ಚಿಗೆ ಬ್ಯಾಟರಿ, ನಾನೇ ಮಾಡಿಕೊಂಡ ಆಂಟೆನಾ, ಒಂದು ನೋಟ್‌ಬುಕ್ಕು, ಪೆನ್ಸಿಲು. ನಾನೊಬ್ಬ ಹವ್ಯಾಸಿ ರೇಡಿಯೋಗಾರ. ಜಗತ್ತಿನೆಲ್ಲೆಡೆ ನಮ್ಮನ್ನು 'ಹ್ಯಾಮ್'ಗಳೆನ್ನುತ್ತಾರೆ. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಪರವಾನಗಿ ಪಡೆದು, 'ವಿಯು' ಎಂದು ಆರಂಭವಾಗುವ ಕರೆಸಂಕೇತದಿಂದ ಮಾತನಾಡುವವರು. ದುಡ್ಡಿಗಾಗಿ ಅಲ್ಲ, ಖುಷಿಗಾಗಿ.

ರೇಡಿಯೋ ಹೊತ್ತು ಬೆಟ್ಟ ಹತ್ತುವುದು ಈ ಹವ್ಯಾಸದ ಒಂದು ಕವಲು. 2002ರಲ್ಲಿ ಬ್ರಿಟನ್ನಿನಲ್ಲಿ ಇದಕ್ಕಾಗಿಯೇ ಒಂದು ಯೋಜನೆ ಶುರುವಾಗಿ ಹಲವು ದೇಶಗಳಿಗೆ ಹಬ್ಬಿತು. ಶಿಖರಕ್ಕೆ ಸಲಕರಣೆಯನ್ನು ನೀವೇ ಹೊತ್ತೊಯ್ಯಬೇಕು. ಅಲ್ಲಿಂದ ಕನಿಷ್ಠ ನಾಲ್ವರೊಡನೆ ಸಂಪರ್ಕ ಸಾಧಿಸಿದರೆ ಅಂಕ. ಬಹುಮಾನದ ಹಣ ಒಂದು ಪೈಸೆಯೂ ಇಲ್ಲ!

ಈ ಸಲದ ಸಂಕ್ರಾಂತಿ ರಜೆಗೆ ಕೊಡಚಾದ್ರಿಗೆ ಹೊರಟಾಗ ನನ್ನ ತಮ್ಮನ ಮಗನನ್ನೂ ಕರೆದೆ. ಒಂಬತ್ತನೆಯ ತರಗತಿ, ವಿಜ್ಞಾನದಲ್ಲಿ ಅಂಕ ಕಡಿಮೆ. ಮನೆಯಲ್ಲಿ ಮಾತು ಅದಕ್ಕಿಂತ ಕಡಿಮೆ. ತಮ್ಮನಿಗೆ ಇಷ್ಟವಿರಲಿಲ್ಲ. "ಅಣ್ಣಾ, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಈ ರೇಡಿಯೋದಿಂದ ಇವನಿಗೆ ಎಷ್ಟು ಮಾರ್ಕ್ಸ್ ಬರುತ್ತೆ ಹೇಳು" ಎಂದ. ಬರುವುದಿಲ್ಲ ಎಂದೆ. ಅವನ ಆತಂಕ ಸುಳ್ಳಲ್ಲ, ಹತ್ತಾರು ಪಾಲಕರಲ್ಲಿ ದಿನವೂ ಕಾಣುವಂಥದ್ದು. ಹೇಗೋ ಎರಡು ದಿನಕ್ಕೆ ಒಪ್ಪಿಗೆ ಸಿಕ್ಕಿತು.

ಹೊರಡುವ ಹಿಂದಿನ ರಾತ್ರಿ ಹುಡುಗನ ಮುಂದೆ ಒಂದು ಲೆಕ್ಕ ಇಟ್ಟೆ. ನಮ್ಮ ರೇಡಿಯೋದ ಶಕ್ತಿ ಐದು ವಾಟ್, ಮನೆಯ ಸಣ್ಣ ಎಲ್‌ಇಡಿ ಬಲ್ಬಿಗಿಂತ ಕಡಿಮೆ. ಅದರ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಭೂಮಿ ದುಂಡಗಿರುವುದರಿಂದ ಒಂದು ದೂರದ ನಂತರ ನೆಲವೇ ಅಡ್ಡ. ಹಾಗಾಗಿ ಎತ್ತರ ಹೆಚ್ಚಿದಷ್ಟೂ ದಿಗಂತ ದೂರ. ಎತ್ತರವನ್ನು ಮೀಟರಿನಲ್ಲಿ ಹಾಕಿ, ವರ್ಗಮೂಲ ತೆಗೆದು, 4.1ರಿಂದ ಗುಣಿಸಿದರೆ ರೇಡಿಯೋ ದಿಗಂತ ಕಿಲೋಮೀಟರಿನಲ್ಲಿ ಸಿಗುತ್ತದೆ. ಕೊಡಚಾದ್ರಿಯ ಎತ್ತರ 1343 ಮೀಟರ್. ಹುಡುಗ ಲೆಕ್ಕ ಮಾಡಿ "ನೂರೈವತ್ತು ಕಿಲೋಮೀಟರು, ದೊಡ್ಡಪ್ಪ" ಎಂದ. ಭೂಪಟದ ಮೇಲೆ ಸ್ಕೇಲು ಇಟ್ಟು ಅಳೆದ. ಮಂಗಳೂರು ನೇರ ಗೆರೆಯಲ್ಲಿ ಸುಮಾರು 110. "ಹಾಗಾದರೆ ಸಿಗಲೇಬೇಕು!" ಎಂದ.

ಆಂಟೆನಾ ಕೂಡ ಅವನದೇ ಲೆಕ್ಕ. ಆವೃತ್ತಿ 145 ಮೆಗಾಹರ್ಟ್ಸ್ ಎಂದರೆ ತರಂಗಾಂತರ ಎರಡು ಮೀಟರಿಗೆ ತುಸು ಹೆಚ್ಚು. ಅದರ ಕಾಲು ಭಾಗದಷ್ಟು, ಅಂದರೆ ಸುಮಾರು ಅರ್ಧ ಮೀಟರ್ ಉದ್ದಕ್ಕೆ ಹಿತ್ತಾಳೆಯ ಕಡ್ಡಿ ಕತ್ತರಿಸಿದೆವು. ತರಗತಿಯಲ್ಲಿ ವೇಗ, ಆವೃತ್ತಿ, ತರಂಗಾಂತರದ ಸೂತ್ರವನ್ನು ಬಾಯಿಪಾಠ ಮಾಡಿದವನು ಅಂದು ಅದನ್ನು ಗರಗಸದಿಂದ ಕೊಯ್ದ.

ಬೆಟ್ಟದ ತಪ್ಪಲಲ್ಲಿ ನಿಂತು ಕರೆದಾಗ ಉತ್ತರವಿರಲಿಲ್ಲ. ತುದಿಯ ಸರ್ವಜ್ಞಪೀಠದಿಂದ ಸ್ವಲ್ಪ ದೂರ, ಯಾತ್ರಿಕರಿಗೆ ತೊಂದರೆಯಾಗದಂತೆ ಬಂಡೆಯ ಮೇಲೆ ಕುಳಿತು ಅದೇ ರೇಡಿಯೋದಿಂದ ಮತ್ತೆ ಕರೆದೆ. ಎರಡನೇ ಕರೆಗೇ ಮಂಗಳೂರಿನ ಹಿರಿಯರೊಬ್ಬರ ದನಿ, ಪಕ್ಕದಲ್ಲೇ ಕುಳಿತು ಮಾತನಾಡಿದಷ್ಟು ಸ್ಪಷ್ಟ. ಪರವಾನಗಿ ಇಲ್ಲದ್ದರಿಂದ ಹುಡುಗ ಮಾತನಾಡುವಂತಿರಲಿಲ್ಲ. ಕೇಳಿ ಬರೆಯುವುದು ಅವನ ಕೆಲಸ. ವೇಳೆ, ಕರೆಸಂಕೇತ, ಊರು, ಸಂಕೇತದ ಬಲ ಎಲ್ಲವನ್ನೂ ಬರೆದ. ಒಂದು ಗಂಟೆಯಲ್ಲಿ ಐದು ಹೆಸರು ತುಂಬಿದವು. ಕೊನೆಗೆ ಕೇಳಿದ: "ನಾನೇ ಮಾತಾಡಬೇಕಂದ್ರೆ ಏನು ಮಾಡಬೇಕು, ದೊಡ್ಡಪ್ಪ?" ಅವನು ಏನನ್ನಾದರೂ ಬೇಕೆಂದು ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

'ಕೈಯಲ್ಲಿ ಮೊಬೈಲ್ ಇರುವಾಗ ಇದೇಕೆ?' ಎನ್ನುವವರುಂಟು. ಮೊಬೈಲಿಗೆ ಗೋಪುರ ಬೇಕು, ಗೋಪುರಕ್ಕೆ ವಿದ್ಯುತ್ತು ಬೇಕು. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಹವ್ಯಾಸಕ್ಕೆಂದೇ ಪೋರ್ಟ್‌ಬ್ಲೇರಿಗೆ ಹೋಗಿತ್ತು. 26ರಂದು ಸುನಾಮಿ ಅಪ್ಪಳಿಸಿ ಸಂಪರ್ಕ ಕಡಿದಾಗ, ಆಟಕ್ಕೆಂದು ಒಯ್ದಿದ್ದ ಅದೇ ರೇಡಿಯೋಗಳು ಬದುಕಿದವರ ಸುದ್ದಿಯನ್ನು ಅವರವರ ಮನೆಗೆ ಮುಟ್ಟಿಸಿದವು.

ಊರಿಗೆ ಬಂದ ಮೇಲೆ ತಮ್ಮನೊಡನೆ ಮಾತಾಯಿತು. ಅವನು ಪೂರ್ತಿ ಒಪ್ಪಿಲ್ಲ. ಭಾನುವಾರ ಒಂದು ಗಂಟೆ ಮಾತ್ರ ಎಂಬ ಷರತ್ತು ಹಾಕಿದ್ದಾನೆ. ಹುಡುಗ ಆ ಒಂದು ಗಂಟೆಯನ್ನು ಬಿಟ್ಟಿಲ್ಲ.

ವಿದ್ಯಾರ್ಥಿಗಳೇ, ಹನ್ನೆರಡು ವರ್ಷ ತುಂಬಿದ್ದರೆ ಈ ಪರೀಕ್ಷೆಗೆ ನೀವೂ ಕೂರಬಹುದು. ಮೊದಲ ದರ್ಜೆಗೆ ಮೋರ್ಸ್ ಸಂಕೇತ ಬೇಕಿಲ್ಲ. ಆದರೆ ಪರವಾನಗಿ ಕೈಸೇರುವವರೆಗೆ ಪ್ರಸಾರದ ಗುಂಡಿ ಮುಟ್ಟಬೇಡಿ. ಕಾಡಿನ ಬೆಟ್ಟಕ್ಕೆ ಅನುಮತಿಯಿಲ್ಲದೆ ಹೋಗಬೇಡಿ. ಗುಡುಗು ಕೇಳಿಸಿದೊಡನೆ ಆಂಟೆನಾ ಮಡಚಿ ಇಳಿಯಿರಿ. ಪಾಲಕರೇ, ನಿಮ್ಮಲ್ಲಿ ಒಂದೇ ಕೋರಿಕೆ. ಶಕ್ತಿ ಹೆಚ್ಚಿಸದೆ, ನಿಂತ ಜಾಗ ಬದಲಿಸಿದ್ದಕ್ಕೇ ನಮ್ಮ ಐದು ವಾಟ್ ಮಂಗಳೂರು ಮುಟ್ಟಿತು. ಮಕ್ಕಳ ವಿಷಯದಲ್ಲೂ ಒಮ್ಮೆ ಹಾಗೆ ಮಾಡಿ ನೋಡಿ.