ದಿಂಬಂ ತಿರುವುಗಳಾಚೆ

ಬಣ್ಣಾರಿಯಿಂದ 27 ಕಡಿದಾದ ತಿರುವುಗಳನ್ನೇರಿದರೆ ದಿಂಬಂ. ಅದರಾಚೆಯ ತಾಳವಾಡಿ ಸೀಮೆ 1956ರಲ್ಲಿ ಮದರಾಸು ರಾಜ್ಯದಲ್ಲೇ ಉಳಿದ ಕನ್ನಡದ ನೆಲ. ಬೇಸಿಗೆ ರಜೆಯಲ್ಲಿ ನಮ್ಮ ಚರ್ಚಿನ ಯುವಜನರೊಡನೆ ಅಲ್ಲಿಗೆ ಸೇವಾಯಾತ್ರೆ ಹೋಗಿದ್ದೆ. ಶಾಲೆಯ ಗೋಡೆಗೆ ಸುಣ್ಣ ಬಳಿದೆವು. ವೈದ್ಯರ ಜತೆ ನಿಂತು ಔಷಧಿ ಹಂಚಿದೆವು. ತಮಿಳಿನ ವಿವರಣೆ ತಿಳಿಯದೆ ಸೋಲಿಗರ ಅಜ್ಜಿಯೊಬ್ಬರು ಮಾತ್ರೆ ಹಿಡಿದೇ ಕುಳಿತಿದ್ದರು.

“ಉಂಡ ಮೇಲೆ ಒಂದು, ಅಜ್ಜಿ” ಎಂದೆ.

“ನಮ್ ಮಾತು ಬತ್ತದಾ ಮಗ?” ಎನ್ನುತ್ತ ಅದನ್ನು ಸೆರಗಿಗೆ ಗಂಟು ಹಾಕಿಕೊಂಡರು.

1853ರಲ್ಲಿ ಮಿಷನರಿಯಾಗಿ ಬಂದ ಕಿಟೆಲ್ಲರು 1894ರಲ್ಲಿ ನಮಗೆ ನಿಘಂಟನ್ನೇ ಕೊಟ್ಟರು. ಜನರ ನುಡಿಯನ್ನು ಕಲಿಯುವುದೂ ಸೇವೆಯೆಂದು ಅವರು ಬಲ್ಲವರಾಗಿದ್ದರು. ಆ ಬೆಟ್ಟದ ಮಕ್ಕಳಿಗೆ ಕನ್ನಡ ಮನೆಮಾತಾಗಿದೆ, ಅಕ್ಷರವಾಗಿಯೂ ಉಳಿಯಬೇಕು. ಮುಂದಿನ ಬೇಸಿಗೆಗೆ ಔಷಧಿಯ ಪೆಟ್ಟಿಗೆಯೊಡನೆ ಕನ್ನಡ ಪುಸ್ತಕಗಳೂ ಘಟ್ಟವೇರುವಂತೆ ಸಂಘದ ಬಂಧುಗಳು ನೆರವಾಗಲಿ.